ಎರಡು ಪೈಸೆಯ ಬಿದರಿ ಹೂಜಿ ಮತ್ತು ನನ್ನ ಒಂದು ತಕರಾರು

ಸ್ಟ್ಯಾಂಪ್ ಕೂಡಿಡ್ತೀನಿ ಅಂತ ಆಫೀಸಲ್ಲಿ ಯಾರಿಗಾದ್ರೂ ಗೊತ್ತಾದ ತಕ್ಷಣ ಬರೋ ಮೊದಲ ಪ್ರಶ್ನೆ: "ನಿನ್ನ ಹತ್ರ ಇರೋದ್ರಲ್ಲಿ ಅತಿ ಕಾಸ್ಟ್ಲಿ ಯಾವುದು?" ನಾನು ಎರಡು ಪೈಸೆಯ ಬಿದರಿ ಹೂಜಿ ತೋರಿಸಿದ್ರೆ ಪಾಪ, ಮುಖ ಸಪ್ಪಗೆ ಮಾಡ್ಕೊಂಡು ಕಾಫಿಗೆ ಹೊರಟುಬಿಡ್ತಾರೆ :-)

ಹೋಗ್ಲಿ ಬಿಡಿ. ಅವರ ಮೇಲೆ ನನಗೇನೂ ಕೋಪ ಇಲ್ಲ. ನನ್ನ ತಕರಾರು ಇರೋದು ನಮ್ಮ ಹವ್ಯಾಸಿಗಳ ಮೇಲೇ. ಸ್ವತಂತ್ರ ಭಾರತದ ಅಂಚೆಚೀಟಿ ಅಂದ್ರೆ ನಮ್ಮವರಿಗೆ ಎರಡೇ: ಒಂದು 1948ರ ಗಾಂಧಿ ಹತ್ತು ರೂಪಾಯಿ, ಇನ್ನೊಂದು ಬಿಡುಗಡೆ ದಿನವೇ ಕೊಂಡು ಪ್ಲಾಸ್ಟಿಕ್ ಕವರಿಗೆ ಸೇರಿಸೋ ಸ್ಮಾರಕ ಚೀಟಿಗಳು. ಇವೆರಡರ ನಡುವೆ, ನಿಜವಾಗಿ ಕಾಗದಗಳನ್ನ ಹೊತ್ತು ದೇಶ ತಿರುಗಿದ ಸಾದಾ ದಿನಬಳಕೆಯ ಚೀಟಿಗಳನ್ನ ಕೇಳೋರೇ ಇಲ್ಲ. "ಅದು ಕಾಮನ್ ಸಾರ್, ಕೆಜಿ ಲೆಕ್ಕ" ಅಂತಾರೆ.

ಕಾಮನ್ ನಿಜ. ಆದ್ರೆ ನೋಡಿ, 1949ರ ಆಗಸ್ಟ್ 15ಕ್ಕೆ ಬಂದ ಪುರಾತತ್ವ ಸರಣಿಯಲ್ಲಿ ಒಂದಾಣೆಯ ಬೋಧಿಸತ್ವ ಕನ್ನಡಿಯಲ್ಲಿ ನೋಡಿದ ಹಾಗೆ ಎಡಬಲ ತಿರುಗಿ ಅಚ್ಚಾಗಿದ್ದಾನೆ. ಎಡಗೈ ಚಾಚಿದ್ದಾನೆ. 1950ರಲ್ಲಿ ಸರಿಪಡಿಸಿ ಮತ್ತೆ ಅಚ್ಚು ಹಾಕಿದರು. ತಪ್ಪು ಚೀಟಿ ಅಪರೂಪವೇನಲ್ಲ, ಹಳೇ ಸ್ಟ್ಯಾಂಪಿನ ರಾಶೀಲಿ ಕೈ ಹಾಕಿದ್ರೆ ಸಿಗತ್ತೆ. ಎಷ್ಟು ಜನ ಆಲ್ಬಮ್ಮಲ್ಲಿ ಎರಡರಲ್ಲಿ ಒಂದನ್ನ ಅಂಟಿಸಿ "ಇದು ನನ್ನ ಹತ್ರ ಇದೆ" ಅಂತ ಟಿಕ್ ಹಾಕಿ ಮುಂದೆ ಹೋಗಿಲ್ಲ ಹೇಳಿ! ಇದೇ ಸರಣಿಯಲ್ಲಿ ನಮ್ಮ ಬಿಜಾಪುರದ ಗೋಳಗುಮ್ಮಟವೂ ಇದೆ.

ನನಗೆ ಹುಚ್ಚು ಹಿಡಿಸಿದ್ದು 1965ರಲ್ಲಿ ಶುರುವಾದ ನಾಲ್ಕನೇ ಸರಣಿ. ಬಿದರಿ ಹೂಜಿ, ಕಾಫಿ ಹಣ್ಣು, ಹಂಪಿಯ ಕಲ್ಲಿನ ರಥ (ಅದು 70 ಪೈಸೆ), ಜೊತೆಗೆ ಭಾಕ್ರಾ ಅಣೆಕಟ್ಟು, ತುರ್ತಾಗಿ ಬೇಕಾಗಿದ್ದ ಕುಟುಂಬ ಯೋಜನೆ! ಚಿತ್ರ ಒಂದೇ ಇದ್ರೂ ಚೀಟಿ ಒಂದೇ ಅಲ್ಲ. ಶುರುವಿನವು ಅಶೋಕ ಸ್ತಂಭದ ನೀರುಗುರುತಿನ ಕಾಗದದ ಮೇಲೆ ಬಂದವು, ಕೆಲವು ಮುಂದೆ ದೊಡ್ಡ ನಕ್ಷತ್ರದ ನೀರುಗುರುತಿನ ಮೇಲೆ ಬಂದವು. ಕಣ್ಣಿಗೆ ಕಾಣಲ್ಲ. ಕಪ್ಪು ತಟ್ಟೆಯಲ್ಲಿ ಚೀಟಿಯನ್ನ ಬೋರಲು ಹಾಕಿ ಎರಡು ಹನಿ ಲೈಟರ್ ಪೆಟ್ರೋಲ್ ಬಿಟ್ರೆ ನಿಧಾನಕ್ಕೆ ಸಿಂಹ ಮೇಲೇಳತ್ತೆ. (ದೇವರ ದೀಪ ಪಕ್ಕದಲ್ಲಿ ಇಟ್ಕೊಂಡು ಮಾಡ್ಬೇಡಿ ಮಾರಾಯ್ರೆ.) ಆಮೇಲೆ ರಂಧ್ರಗಳ ಲೆಕ್ಕ, ಎರಡು ಸೆಂಟಿಮೀಟರಿಗೆ ಎಷ್ಟು ಅಂತ. ಆಮೇಲೆ ಹತ್ತುಪಟ್ಟು ದೊಡ್ಡದು ತೋರಿಸೋ ಭೂತಗನ್ನಡಿ: ಅಕ್ಷರದ ಅಂಚು ಚುಕ್ಕಿ ಚುಕ್ಕಿಯಾಗಿ ಒಡೆದಿದ್ರೆ ಗ್ರಾವ್ಯೂರ್, ಗೆರೆ ಎಳೆದ ಹಾಗೆ ಶುಭ್ರವಾಗಿದ್ರೆ ಆಫ್‌ಸೆಟ್. 1974ರಲ್ಲಿ ಶುರುವಾದ ಸರಣಿಯಲ್ಲಿ ಇನ್ನೂ ಸುಲಭ, ಮೊದಲು ಬೆಲೆಯ ಜೊತೆ 'ಪೈಸೆ' ಸೂಚಿಸೋ ಅಕ್ಷರ ಇತ್ತು, ಆಮೇಲೆ ಬರೀ ಅಂಕಿ. ದಿನವಿಡೀ ಲಾಗ್ ಫೈಲ್ ಓದಿ ಯಾವ ಬಿಲ್ಡಿನಲ್ಲಿ ಬಗ್ ಬಂತು ಅಂತ ಹುಡುಕೋನಿಗೆ ರಾತ್ರಿ ಇದೇ ಕೆಲಸ ವಿಶ್ರಾಂತಿ ಅನ್ಸತ್ತೆ ಅಂದ್ರೆ ನಗಬೇಡಿ.

ಈಗ ವಿಷಯಕ್ಕೆ ಬರ್ತೀನಿ. ಸ್ಮಾರಕ ಚೀಟಿ ಯಾವತ್ತು ಬಂತು ಅಂತ ಎಲ್ಲರಿಗೂ ಗೊತ್ತು, ಸಮಾರಂಭ, ಮಾಹಿತಿ ಪತ್ರ ಎಲ್ಲ ಇರತ್ತೆ. ದಿನಬಳಕೆ ಚೀಟಿಯ ಕಾಗದ, ನೀರುಗುರುತು ಬದಲಾದಾಗ ಸಮಾರಂಭ ಯಾರು ಮಾಡ್ತಾರೆ? ಸದ್ದಿಲ್ಲದೆ ಕೌಂಟರಿಗೆ ಬರತ್ತೆ. ಬದಲಾದ ಚೀಟಿ ಯಾವಾಗಿನಿಂದ ಚಾಲ್ತಿಗೆ ಬಂತು ಅಂತ ಹೇಳೋಕೆ ಇರೋ ದೊಡ್ಡ ಸಾಕ್ಷಿ ಲಕೋಟೆ ಮೇಲಿನ ತಾರೀಖಿನ ಮುದ್ರೆ. ಆ ಸಾಕ್ಷಿಯನ್ನ ನಾವೇನು ಮಾಡ್ತೀವಿ? ನೀರಲ್ಲಿ ನೆನೆಸಿ, ಚೀಟಿ ಬಿಡಿಸಿ, ಲಕೋಟೆ ಕಸಕ್ಕೆ!

ನಮ್ಮ ಅಜ್ಜನ ಟ್ರಂಕಿನ ಕಾಗದಗಳು ರದ್ದಿಗೆ ಹೋಗೋದರಲ್ಲಿದ್ದವು. ಅದರಲ್ಲಿ 1971ರ ನವೆಂಬರ್ ಕೊನೆಯ ಒಂದು ಲಕೋಟೆ. ಬಾಂಗ್ಲಾ ನಿರಾಶ್ರಿತರಿಗಾಗಿ ನವೆಂಬರ್ 15ರಿಂದ ಟಪಾಲಿನ ಮೇಲೆ ಐದು ಪೈಸೆ ಹೆಚ್ಚುವರಿ ತೆರಿಗೆ ಹಾಕಿದ್ರಲ್ಲ, ಅದಕ್ಕೆಂದೇ ಮಾಡಿದ ಹೊಸ ಚೀಟಿ ಡಿಸೆಂಬರ್ 1ಕ್ಕೆ ಬರೋವರೆಗೆ ಕುಟುಂಬ ಯೋಜನೆಯ ಐದು ಪೈಸೆ ಚೀಟಿಗೇ 'ರೆಫ್ಯೂಜಿ ರಿಲೀಫ್' ಅಂತ ಮೇಲಚ್ಚು ಹಾಕಿ ಕೊಟ್ರು. ನಾಸಿಕ್ಕಿನ ಮೇಲಚ್ಚು ಎಲ್ಲೆಡೆಯದು, ಬೆಂಗಳೂರೂ ಸೇರಿ ಕೆಲವು ಕಡೆ ಸ್ಥಳೀಯವಾಗಿಯೇ ಹಾಕಿದ್ರು. ಇಂಥ ಸ್ಥಳೀಯ ಮೇಲಚ್ಚು ಬಿಡಿ ಚೀಟಿಯಾಗಿ ಸಿಕ್ರೆ ನಾನಂತೂ ನಂಬಲ್ಲ, ರಬ್ಬರ್ ಸ್ಟ್ಯಾಂಪ್ ಮಾಡಿಸೋದು ಎಷ್ಟು ಹೊತ್ತಿನ ಕೆಲಸ? ಅದೇ ಊರು, ತಾರೀಖು, ವಿಳಾಸದ ಜೊತೆ ಲಕೋಟೆ ಮೇಲೇ ಕೂತಿದ್ರೆ ಮಾತೇ ಬೇರೆ. ಅಜ್ಜನದು ನಾಸಿಕ್ಕಿನದೇ, ಸಾಮಾನ್ಯದ್ದು. ಆದ್ರೂ ಕತ್ತರಿ ತಾಗಿಸಿಲ್ಲ.

ಹೊಸ ಚೀಟಿಗಳ ಗತಿ ಇನ್ನೂ ಕಷ್ಟ. 2006ರಲ್ಲಿ ಗಂಧದ ಪರಿಮಳದ್ದು ಬಂತು, 2017ರಲ್ಲಿ ಬೆಂಗಳೂರಲ್ಲೇ ಕಾಫಿ ಪರಿಮಳದ ನೂರು ರೂಪಾಯಿಯದ್ದು ಬಿಡುಗಡೆ ಆಯ್ತು. ಪರಿಮಳಕ್ಕೆ ನನ್ನ ಅಭ್ಯಂತರ ಇಲ್ಲ, ಕೊಂಡವರಲ್ಲಿ ಎಷ್ಟು ಜನ ಲಕೋಟೆಗೆ ಅಂಟಿಸಿದ್ರು ಅನ್ನೋದಷ್ಟೇ ಪ್ರಶ್ನೆ. (ವಿಶ್ವೇಶ್ವರಯ್ಯನವರು ಬದುಕಿದ್ದಾಗಲೇ 1960ರಲ್ಲಿ ಬಂದ 15 ನಯಾಪೈಸೆಯದನ್ನ ಮಾತ್ರ ಈ ಬೈಗುಳದಿಂದ ಹೊರಗಿಟ್ಟಿದ್ದೀನಿ. ಎಂಜಿನಿಯರ್ ಪಕ್ಷಪಾತ!) ಬ್ರಿಟನ್ನಿನವರು 2010ರಿಂದ ರಾಣಿಯ ಸಾದಾ ಚೀಟಿಗಳ ಹಿನ್ನೆಲೆಯಲ್ಲೇ ವರ್ಷದ ಸಂಕೇತ ಸೇರಿಸಿದ್ರು, ಹುಡುಕೋರಿಗೆ ಅರ್ಧ ಕೆಲಸ ಮುಗೀತು. ನಮ್ಮಲ್ಲಿ ಮುದ್ರೆಯನ್ನೇ ನಂಬಬೇಕು. ಆ ಮುದ್ರೆಯೂ ಕಮ್ಮಿ ಆಗ್ತಿದೆ. ಕೌಂಟರಲ್ಲಿ ಬಾರ್‌ಕೋಡ್ ಲೇಬಲ್ ಅಂಟಿಸಿದ್ರೆ ಚೀಟಿ ಯಾಕೆ ಬೇಕು? ಚೀಟಿ ಹಚ್ಚಿ ಬರ್ತಿದ್ದ ರಿಜಿಸ್ಟರ್ಡ್ ಪೋಸ್ಟ್ ಕೂಡ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯ್ತು. 1965ರ ಸರಣಿಗೆ ಕೋಟಿಗಟ್ಟಲೆ ಪತ್ರಗಳ ಸಾಕ್ಷಿ ಇತ್ತು. 2000ದ ನಂತರದ ಸರಣಿಗಳಿಗೆ ಉಳಿಯೋದು ನಾವು ಎತ್ತಿಟ್ಟಷ್ಟೇ.

ಆದ್ದರಿಂದ ಮನೆಗೆ ಬಂದ ಲಕೋಟೆಯಲ್ಲಿ ಚೀಟಿ ಇದ್ರೆ ಪೂರ್ತಿ ಲಕೋಟೆ ಎತ್ತಿಡಿ, ಮುದ್ರೆ ಮಸುಕಾಗಿದ್ರೂ ಸರಿ. ಜಾಗ ಇಲ್ಲ ಅನ್ನೋರು ಚೀಟಿ, ಮುದ್ರೆ, ಊರಿನ ಹೆಸರು ಮೂರೂ ಸೇರೋ ಹಾಗಾದ್ರೂ ದೊಡ್ಡದಾಗಿ ಕತ್ತರಿಸಿ. ನಿಮಗೆ ಬೇಡ ಅಂದ್ರೆ ನನಗೆ ಕೊಡಿ. ನನ್ನ ರೂಮಲ್ಲಿ ಎರಡು ಶೂ ಡಬ್ಬ ತುಂಬಿದೆ, ಮೂರನೇದಕ್ಕೆ ಮಂಚದ ಕೆಳಗೆ ಇನ್ನೂ ಜಾಗ ಇದೆ.