ಕಡಲಿಗೆ ಕಬ್ಬಿಣದ ಟಾನಿಕ್

ರಕ್ತದಲ್ಲಿ ಕಬ್ಬಿಣ ಕಡಿಮೆಯಾದರೆ ಡಾಕ್ಟರು ಮಾತ್ರೆ ಬರೆದುಕೊಡುತ್ತಾರೆ. ಸಮುದ್ರಕ್ಕೂ ಅಂಥದೇ ಕೊರತೆ ಇದೆ, ಅದಕ್ಕೂ ಕಬ್ಬಿಣ ಕುಡಿಸಿದರೆ ಭೂಮಿಯ ಜ್ವರವೇ ಇಳಿದೀತು ಎಂದರೆ ಯಾರಿಗಾದರೂ ನಗು ಬಂದೀತು. ಆದರೆ 2009ರ ಜನವರಿ 7ರಂದು ದಕ್ಷಿಣ ಆಫ್ರಿಕದ ಕೇಪ್‌ಟೌನ್‌ನಿಂದ ಹೊರಟ ‘ಪೋಲಾರ್‌ಸ್ಟರ್ನ್’ ಹಡಗಿನಲ್ಲಿದ್ದದ್ದು ಆ ಔಷಧವೇ: ಟನ್‌ಗಟ್ಟಲೆ ಕಬ್ಬಿಣದ ಸಲ್ಫೇಟ್. ಹಡಗು ಜರ್ಮನಿಯದು, ಅದರಲ್ಲಿದ್ದ ವಿಜ್ಞಾನಿಗಳಲ್ಲಿ ಹೆಚ್ಚಿನವರು ಭಾರತೀಯರು. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಜೀಹ್ ನಖ್ವಿ ಮತ್ತು ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆಯ ವಿಕ್ಟರ್ ಸ್ಮೆಟಾಚೆಕ್ ಜೋಡಿ ಮುಂದಾಳುಗಳು. ಪ್ರಯೋಗದ ಹೆಸರು ‘ಲೋಹಾಫೆಕ್ಸ್’. ಕಬ್ಬಿಣಕ್ಕೆ ಹಿಂದಿಯಲ್ಲಿರುವ ‘ಲೋಹಾ’ ಶಬ್ದಕ್ಕೆ ಇಂಗ್ಲಿಷಿನ ಬಾಲ.

ದಕ್ಷಿಣ ಸಾಗರದಲ್ಲಿ ನೈಟ್ರೇಟ್, ಫಾಸ್ಫೇಟ್‌ಗಳಿಗೆ ಬರವಿಲ್ಲ. ಬರ ಇರುವುದು ಕಬ್ಬಿಣಕ್ಕೆ. ನೆಲದಿಂದ ಹಾರುವ ದೂಳು ಅಷ್ಟು ದೂರ ತಲುಪುವುದೇ ಕಡಿಮೆ. ಹಾಗಾಗಿ ಬರಿಗಣ್ಣಿಗೆ ಕಾಣದ ತೇಲುಸಸ್ಯಗಳು, ಅಂದರೆ ಪಾಠದಲ್ಲಿ ಬರುವ ಸಸ್ಯಪ್ಲವಕಗಳು, ಉಳಿದೆಲ್ಲ ಗೊಬ್ಬರವಿದ್ದೂ ಸೊರಗುತ್ತವೆ. ಒಂದಿಷ್ಟು ಕಬ್ಬಿಣ ಸಿಕ್ಕರೆ ಹುಲುಸಾಗಿ ಬೆಳೆಯುತ್ತವೆ, ಬೆಳೆಯುವಾಗ ಇಂಗಾಲದ ಡೈಆಕ್ಸೈಡನ್ನು ಬಳಸಿಕೊಳ್ಳುತ್ತವೆ, ಸತ್ತು ಆಳಕ್ಕಿಳಿದರೆ ಆ ಇಂಗಾಲವೂ ಬಹುಕಾಲ ಅಲ್ಲೇ ಉಳಿಯುತ್ತದೆ. ಅಮೆರಿಕದ ಜಾನ್ ಮಾರ್ಟಿನ್ 1980ರ ದಶಕದ ಕೊನೆಯಲ್ಲಿ ಮುಂದಿಟ್ಟ ವಾದವಿದು. ಅರ್ಧ ಹಡಗು ಕಬ್ಬಿಣ ಕೊಟ್ಟರೆ ಹಿಮಯುಗವನ್ನೇ ತಂದುಬಿಡುತ್ತೇನೆ ಎಂದು ಅವರು ತಮಾಷೆಯನ್ನೂ ಮಾಡಿದ್ದರು. ಮುಂದೆ ಕೆಲವರಿಗೆ ಆ ತಮಾಷೆಯಲ್ಲಿ ವ್ಯಾಪಾರ ಕಂಡಿತು.

ಪೋಲಾರ್‌ಸ್ಟರ್ನ್ ಹೊರಟದ್ದೇ ತಡ, ಬರ್ಲಿನ್ನಿನಲ್ಲಿ ಜಗಳ ಶುರುವಾಯಿತು. ಕಡಲಿಗೆ ಗೊಬ್ಬರ ಹಾಕಲು ಸದ್ಯಕ್ಕೆ ಬಿಡಬೇಡಿ, ಕರಾವಳಿಯ ನೀರಿನಲ್ಲಿ ಸಣ್ಣ ಪ್ರಯೋಗ ಬೇಕಾದರೆ ಆಗಲಿ ಎಂದು ಜೀವವೈವಿಧ್ಯ ಒಪ್ಪಂದದ ರಾಷ್ಟ್ರಗಳು 2008ರ ಮೇ ತಿಂಗಳಲ್ಲಷ್ಟೇ ಬಾನ್ ನಗರದಲ್ಲಿ ತೀರ್ಮಾನಿಸಿದ್ದವು. ಆತಿಥ್ಯ ವಹಿಸಿದ್ದ ಜರ್ಮನಿಯೇ ಈಗ ನಡುಗಡಲಿಗೆ ಕಬ್ಬಿಣ ಕಳಿಸುವುದೇ? ಪರಿಸರ ಖಾತೆ ತಕರಾರು ತೆಗೆಯಿತು; ಸಂಶೋಧನಾ ಖಾತೆ ‘ತಡೆಯಿರಿ’ ಎಂದಿತು. ಕರಾವಳಿಯ ನೀರಿನಲ್ಲಿ ಕಬ್ಬಿಣ ಮೊದಲೇ ಬೇಕಾದಷ್ಟಿರುತ್ತದೆ, ಅಲ್ಲಿ ಪ್ರಯೋಗ ಮಾಡಿ ಫಲವೇನು ಎಂಬುದು ವಿಜ್ಞಾನಿಗಳ ವಾದ. ಅದರಲ್ಲಿ ಹುರುಳಿತ್ತು. ಹೊರಗಿನ ತಜ್ಞರಿಂದ ಮತ್ತೊಮ್ಮೆ ಪರಿಶೀಲನೆ ನಡೆದು, ಜನವರಿ 26ರಂದು ಒಪ್ಪಿಗೆ ಸಿಕ್ಕಿತು. ಅಲ್ಲಿಯವರೆಗೆ ಹಡಗು ಕಬ್ಬಿಣ ಸುರಿಯದೆ ಕಾಯಿತು.

ಸುಮಾರು 300 ಚದರ ಕಿಲೋಮೀಟರಿನ ತುಂಡಿಗೆ ಕಬ್ಬಿಣ ಹಾಕಿ 39 ದಿನ ಗಮನಿಸಿದರು. ಸಸ್ಯಗಳು ಚಿಗುರಿದ್ದು ನಿಜ. ಆದರೆ ಗಾಜಿನಂಥ ಗಟ್ಟಿ ಕವಚದ ಡಯಾಟಮ್‌ಗಳು ಬೆಳೆಯಲು ಆ ನೀರಿನಲ್ಲಿ ಸಿಲಿಕಾ ಸಾಲದಾಗಿತ್ತು. ಬೆಳೆದ ಮೆತ್ತನೆಯ ಜಾತಿಗಳನ್ನು ಪುಟಾಣಿ ಪ್ರಾಣಿಗಳು ಮೇಯ್ದವು, ಅವುಗಳನ್ನು ಸಿಗಡಿಯಂಥ ಇನ್ನೊಂದು ಜೀವಿ ತಿಂದಿತು. ಆಳಕ್ಕಿಳಿದ ಇಂಗಾಲ ಅತ್ಯಲ್ಪ. ಮೊಳೆತ ಪೈರನ್ನೆಲ್ಲ ದನ ನುಗ್ಗಿ ಮೇಯ್ದಂತಾಯಿತು. ಅಂತೂ ಹವಾಮಾನಕ್ಕೆ ಇದು ಅಗ್ಗದ ಮದ್ದಲ್ಲ ಎಂದು ಗೊತ್ತಾದದ್ದು, ಅಳೆಯಬಲ್ಲವರು ಅಳೆದು ಜಗತ್ತಿಗೆ ಹೇಳಿದ್ದರಿಂದ.

ಮೂರೇ ವರ್ಷಗಳಲ್ಲಿ, 2012ರ ಜುಲೈಯಲ್ಲಿ, ಕೆನಡಾದ ಪಶ್ಚಿಮ ಕರಾವಳಿಯ ಹೈಡಾ ಗ್ವಾಯಿ ದ್ವೀಪಗಳ ಆಚೆ ಬಾಡಿಗೆ ದೋಣಿಯೊಂದು ಸುಮಾರು 100 ಟನ್ ಕಬ್ಬಿಣದ ಸಂಯುಕ್ತವನ್ನು ಸಮುದ್ರಕ್ಕೆ ಸುರಿಯಿತು. ದುಡ್ಡು ಹಾಕಿದ್ದು ಓಲ್ಡ್ ಮ್ಯಾಸೆಟ್ ಎಂಬ ಮೂಲನಿವಾಸಿಗಳ ಹಳ್ಳಿ. ಅದರ ಬದುಕು ಸಾಲ್ಮನ್ ಮೀನಿನ ಮೇಲೆ. ಕಡಲು ಹಸಿರಾದರೆ ಮೀನು ಮರಳೀತು, ಹೀರಿದ ಇಂಗಾಲದ ಲೆಕ್ಕ ತೋರಿಸಿ ಹಣವೂ ಬಂದೀತು ಎಂದು ನಂಬಿಸಿದವರಿದ್ದರು. ಹಳ್ಳಿಯವರನ್ನು ದೂರಿ ಪ್ರಯೋಜನವಿಲ್ಲ. ಹೊರಜಗತ್ತಿಗೆ ಸುದ್ದಿ ತಿಳಿದದ್ದು ಅಕ್ಟೋಬರಿನಲ್ಲಿ. ಕೇಳಿ ಹೋದವರನ್ನು ತಡೆದು ನಿಲ್ಲಿಸಿದ ನಿಯಮ, ಕೇಳದೆ ಹೋದವರನ್ನು ಮುಟ್ಟಲೇ ಇಲ್ಲ!

ಎಚ್ಚೆತ್ತ ಲಂಡನ್ ಪ್ರೋಟೊಕಾಲ್‌ನ (ಕಡಲಿಗೆ ಕಸ ಸುರಿಯುವುದನ್ನು ತಡೆಯುವ ಒಪ್ಪಂದವಿದು) ದೇಶಗಳು 2013ರಲ್ಲಿ ತಿದ್ದುಪಡಿಯೊಂದನ್ನು ಅಂಗೀಕರಿಸಿದವು. ಗೊಬ್ಬರ ಹಾಕುವುದಾದರೆ ಅದು ನಿಜವಾದ ಸಂಶೋಧನೆಯಾಗಿರಬೇಕು, ಸರ್ಕಾರದ ಪರವಾನಗಿ ಇರಬೇಕು. ಜಾರಿಗೆ ಬರಲು ಮೂರರಲ್ಲಿ ಎರಡು ಪಾಲು ಸದಸ್ಯರು ಅನುಮೋದಿಸಬೇಕು. ಹತ್ತು ವರ್ಷ ತುಂಬಿದಾಗಲೂ ಅಷ್ಟು ಮಂದಿ ಮುಂದೆ ಬಂದಿರಲಿಲ್ಲ.

ಕೇಳಲು ಒಬ್ಬ ಯಜಮಾನನಿದ್ದರೆ ಕೆಲಸ ಎಷ್ಟೋ ಸಲೀಸು. ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್ ಹವಳದ ದಿಬ್ಬಗಳು ಕಡಲಿನ ಬಿಸಿಗೆ 2016, 2017, 2020, 2022, 2024ರಲ್ಲಿ ಸಾಮೂಹಿಕವಾಗಿ ಬಿಳಿಚಿಕೊಂಡವು. ಉಪ್ಪುನೀರನ್ನು ಮಂಜಿನಂತೆ ಚಿಮ್ಮಿಸಿ, ಮೋಡಗಳನ್ನು ಬೆಳ್ಳಗಾಗಿಸಿ, ಹವಳಕ್ಕೆ ಕೊಡೆ ಹಿಡಿಯಬಹುದೇ ಎಂದು 2020ರಿಂದ ಅಲ್ಲಿ ಸಣ್ಣ ಪ್ರಯೋಗಗಳು ನಡೆದಿವೆ. ಅದು ಒಂದೇ ದೇಶದ ನೀರು. ಉಸ್ತುವಾರಿಗೆ ಕಾಯಿದೆಬದ್ಧ ಪ್ರಾಧಿಕಾರವಿದೆ.

ಪೋಲಾರ್‌ಸ್ಟರ್ನ್ ಹೋದ ನಡುಗಡಲು ಹಾಗಲ್ಲ. ಅದಕ್ಕೆಂದು 2023ರಲ್ಲಿ ವಿಶ್ವಸಂಸ್ಥೆಯಲ್ಲಿ ಹೊಸ ಒಪ್ಪಂದವಾಯಿತು. ಭಾರತ 2024ರ ಸೆಪ್ಟೆಂಬರಿನಲ್ಲಿ ಸಹಿ ಹಾಕಿತು. ಜಾರಿಗೆ 60 ದೇಶಗಳ ಅನುಮೋದನೆ ಬೇಕಿತ್ತು, 2025ರ ಸೆಪ್ಟೆಂಬರಿನಲ್ಲಿ ಆ ಸಂಖ್ಯೆ ಮುಟ್ಟಿತು. ಯಾರ ದೇಶಕ್ಕೂ ಸೇರದ ನೀರಿನಲ್ಲಿ ದೊಡ್ಡ ಹಾನಿ ತರಬಹುದಾದ ಕೆಲಸಕ್ಕೆ ಮೊದಲು ಪರಿಸರದ ಮೇಲಿನ ಪರಿಣಾಮ ಅಳೆದು, ವರದಿ ಪ್ರಕಟಿಸಿ, ಉಳಿದವರ ಅಭಿಪ್ರಾಯ ಕೇಳಬೇಕು ಎನ್ನುತ್ತದೆ ಅದು. ಕೇಳಿದ ಮೇಲೆ ಹೂಂ ಅಥವಾ ಊಹೂಂ ಎನ್ನುವ ಅಧಿಕಾರ ಮಾತ್ರ ಆ ಕೆಲಸಕ್ಕೆ ಹೊರಟ ದೇಶದ ಕೈಯಲ್ಲೇ ಇದೆ.