ಬೊಂಡಾಸ್ ಬೇರೆ, ಕಪ್ಪೆ ಬೊಂಡಾಸ್ ಬೇರೆ

ಮಂಗಳೂರು, ಮಲ್ಪೆಗಳ ಮೀನುಪೇಟೆಯಲ್ಲಿ ಬೊಂಡಾಸ್, ಕಪ್ಪೆ ಬೊಂಡಾಸ್ ಎಂಬ ಎರಡು ಹೆಸರು ಕೇಳಿಬರುತ್ತವೆ. ಮೊದಲನೆಯದು ಸ್ಕ್ವಿಡ್, ಎರಡನೆಯದು ಕಟಲ್‌ಫಿಶ್. ಹೆಸರಿನಲ್ಲಿ ಫಿಶ್ ಇದ್ದರೂ ಅದು ಮೀನಲ್ಲ. ಇವೆರಡೂ ಆಕ್ಟೋಪಸ್ ಬಳಗದ ಮೃದ್ವಂಗಿಗಳು. ಬಸವನಹುಳುವಿನ ದೂರದ ನೆಂಟರು.

ಆಕ್ಟೋಪಸ್‌ಗೆ ಎಂಟು ಬಾಹುಗಳು. ಉಳಿದೆರಡಕ್ಕೆ ಎಂಟು ಬಾಹುಗಳ ಜೊತೆಗೆ ಬೇಟೆ ಹಿಡಿಯಲು ಎರಡು ಉದ್ದನೆಯ ಕರಬಳ್ಳಿಗಳು. ಪರೀಕ್ಷೆಗೆ ಇಷ್ಟು ಸಾಕೇನೋ. ಆದರೆ ಸ್ಕ್ವಿಡ್ ಯಾವುದು, ಕಟಲ್‌ಫಿಶ್ ಯಾವುದು ಎಂದು ತಿಳಿಯಲು ಬಾಹು ಎಣಿಸಿ ಪ್ರಯೋಜನವಿಲ್ಲ. ಮೈಯೊಳಗೆ ನೋಡಬೇಕು.

ಇವುಗಳ ಪೂರ್ವಜರಿಗೆ ಮೈಮೇಲೆ ಚಿಪ್ಪಿತ್ತು. ಕಾಲಾಂತರದಲ್ಲಿ ಅದು ಒಳಗೆ ಸರಿಯಿತು. ಕಟಲ್‌ಫಿಶ್‌ನ ಬೆನ್ನಿನ ಚರ್ಮದಡಿ ಅದು ಸುಣ್ಣದ ಹಲಗೆಯಾಗಿ ಉಳಿದಿದೆ. ಕಡಲ ದಂಡೆಯಲ್ಲಿ ಸಿಗುವ, ಪಂಜರದ ಹಕ್ಕಿಗೆ ಕೊಕ್ಕು ಮಸೆಯಲು ಕೊಡುವ, ಆಯುರ್ವೇದದಲ್ಲಿ ಸಮುದ್ರಫೇನ ಎನ್ನುವ ಬಿಳಿ ವಸ್ತು ಇದೇ. ಫೇನವೆಂದರೆ ನೊರೆ, ಅದರ ಹಗುರಕ್ಕೆ ಹೆಸರು ಒಪ್ಪುತ್ತದೆ. ಒಣಗಿದ ಹಲಗೆ ಸಿಕ್ಕರೆ ಬಕೆಟ್ ನೀರಿಗೆ ಹಾಕಿ ನೋಡಿ, ತೇಲುತ್ತದೆ. ಅದರೊಳಗೆ ಪದರ ಪದರವಾಗಿ ಪುಟ್ಟ ಕೋಣೆಗಳಿವೆ. ಕೋಣೆಯ ದ್ರವವನ್ನು ಹೊರಹಾಕಿದಾಗ ಆ ಜಾಗಕ್ಕೆ ಅನಿಲ ಬಂದು ಪ್ರಾಣಿ ಹಗುರಾಗುತ್ತದೆ. ದ್ರವ ತುಂಬಿಕೊಂಡಾಗ ಭಾರವಾಗುತ್ತದೆ. ಜಲಾಂತರ್ಗಾಮಿಯದೂ ಹೆಚ್ಚುಕಡಿಮೆ ಇದೇ ಉಪಾಯ. ಹೀಗೆ ಅದು ಹೆಚ್ಚು ಶ್ರಮವಿಲ್ಲದೆ ನಡುನೀರಿನಲ್ಲಿ ನಿಲ್ಲಬಲ್ಲದು. ಮೈಯ ಅಂಚಿನುದ್ದಕ್ಕೂ ಇರುವ ಈಜುರೆಕ್ಕೆಯನ್ನು ಸೀರೆಯ ನೆರಿಗೆಯಂತೆ ಅಲೆಯಾಡಿಸುತ್ತ ನಿಧಾನವಾಗಿ ಸಾಗುತ್ತದೆ.

ಸ್ಕ್ವಿಡ್‌ನಲ್ಲಿ ಉಳಿದಿರುವುದು ಗರಿಯ ಆಕಾರದ, ಪಾರದರ್ಶಕವಾದ ತೆಳು ಪಟ್ಟಿ. ಬೊಂಡಾಸ್ ಶುಚಿ ಮಾಡುವಾಗ ಎಳೆದು ಬಿಸಾಡುವ 'ಪ್ಲಾಸ್ಟಿಕ್' ಅದೇ! ಮೈ ಕೊಳವೆಯಂತೆ ನೀಳ, ಈಜುರೆಕ್ಕೆ ಹಿಂತುದಿಯ ಕಡೆಗೆ. ವೇಗದಲ್ಲಿ ಮೂವರಲ್ಲಿ ಅದೇ ಮುಂದು. ಆಕ್ಟೋಪಸ್‌ಗೆ ಚಿಪ್ಪು ಇಲ್ಲವೆನ್ನುವಷ್ಟು ಕಡಿಮೆ. ಅದರ ಮೈಯಲ್ಲಿ ನಿಜವಾಗಿ ಗಟ್ಟಿಯಾದದ್ದು ಗಿಳಿಯ ಕೊಕ್ಕಿನಂಥ ಬಾಯಿ. ಕೊಕ್ಕು ತೂರುವಷ್ಟು ಸಂದಿ ಸಿಕ್ಕರೆ ಇಡೀ ದೇಹವನ್ನೇ ತೂರಿಸಿಬಿಡುತ್ತದೆ.

ಮೊಟ್ಟೆಯ ವಿಷಯದಲ್ಲೂ ವ್ಯತ್ಯಾಸವಿದೆ. ತಾಯಿ ಆಕ್ಟೋಪಸ್ ಆಹಾರ ಬಿಟ್ಟು ಮೊಟ್ಟೆ ಕಾಯುತ್ತದೆ; ಮರಿಯಾಗುವ ವೇಳೆಗೆ ಸಾಯುತ್ತದೆ. ಕಟಲ್‌ಫಿಶ್ ಕಾಯುವುದಿಲ್ಲ. ನೀರಿನಲ್ಲಿರುವ ಕಡ್ಡಿ, ಬಂಡೆಗಳಿಗೆ ಮೊಟ್ಟೆ ಅಂಟಿಸಿ ಹೋಗುತ್ತದೆ. ಇದನ್ನು ಬಲ್ಲ ಕೆಲವು ಮೀನುಗಾರರು ಕರ್ನಾಟಕದ ಕರಾವಳಿಯಲ್ಲಿ ತೆಂಗಿನ ಒಣ ಹೊಂಬಾಳೆಗಳನ್ನು ಕಟ್ಟಿ ಸಮುದ್ರದಲ್ಲಿ ಮುಳುಗಿಸಿ, ಮೊಟ್ಟೆಯಿಡಲು ಬರುವ ಕಪ್ಪೆ ಬೊಂಡಾಸ್ ಹಿಡಿಯುತ್ತಾರೆ. ಮೀನುಗಾರರೊಳಗೇ ಇದಕ್ಕೆ ಜಗಳವಾದದ್ದುಂಟು. ಮೊಟ್ಟೆ ಅಂಟಿದ ಹೊಂಬಾಳೆಯನ್ನು ದಡಕ್ಕೆ ತಂದರೆ ಮೊಟ್ಟೆಗಳು ಒಣಗಿಹೋಗುತ್ತವೆ. ನೀರಿನಲ್ಲೇ ಬಿಟ್ಟರೆ ಕೆಲವು ವಾರಗಳಲ್ಲಿ ಮರಿಗಳು ಹೊರಬರುತ್ತವೆ, ಬೆನ್ನಿನೊಳಗೆ ಆಗಲೇ ಒಂದೊಂದು ಪುಟ್ಟ ಹಲಗೆಯೊಂದಿಗೆ.