ಮುನಿರ್ಕಾದ ಅಂಗಳದಲ್ಲಿ ಒಂದಿಷ್ಟು ಮಣ್ಣು ಉಳಿಯಲಿ

ರಜೆಗೆ ಊರಿಗೆ ಹೋದ ದೆಹಲಿ ಕನ್ನಡಿಗರು ಮರಳಿ ಬರುವಾಗ ಚಟ್ನಿಪುಡಿ, ಹಪ್ಪಳ, ಸಂಡಿಗೆಗಳ ಜತೆಗೆ ಒಂದು ದೊಡ್ಡಪತ್ರೆಯ ಕಡ್ಡಿಯನ್ನೋ ಕರಿಬೇವಿನ ಸಸಿಯನ್ನೋ ಜೋಪಾನವಾಗಿ ತರುವುದು ಹೊಸದೇನಲ್ಲ. ಆದರೆ ಹಾಗೆ ತಂದ ಸಸಿಯನ್ನು ನೆಡಲು ಮುನಿರ್ಕಾದಂತಹ ಬಡಾವಣೆಯಲ್ಲಿ ಮಣ್ಣು ಎಲ್ಲಿದೆ? ನೆಲ ಅಂತಸ್ತಿನ ಅಂಗಳಗಳಿಗೆ ಟೈಲ್ಸ್ ಬಂದಿದೆ. ಓಣಿಗಳಿಗೆ ಸಿಮೆಂಟ್ ಇಟ್ಟಿಗೆ ಹಾಸಲಾಗಿದೆ. ಎಷ್ಟೋ ಕಡೆ ಬೇವಿನ ಮರದ ಬುಡದವರೆಗೂ ಕಾಂಕ್ರೀಟ್ ತಲುಪಿದೆ. ಇದನ್ನು ಅನೇಕರು ಅಭಿವೃದ್ಧಿ ಎಂದು ಭಾವಿಸಿದ್ದಾರೆ. ನಿಜವಾಗಿ ನೋಡಿದರೆ ಇದು ಮೂಲಧನವನ್ನೇ ಕರಗಿಸಿ ಬಡ್ಡಿಗಾಗಿ ಕಾಯುವಂತಹ ವ್ಯವಹಾರ.

ಮುನಿರ್ಕಾ ಮೂಲತಃ ಬೇಸಾಯದ ಹಳ್ಳಿ. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ರಾಜಧಾನಿ ಬೆಳೆದಂತೆಲ್ಲ ಇಲ್ಲಿನ ಹೊಲಗಳು ಸರ್ಕಾರದ ಸ್ವಾಧೀನಕ್ಕೆ ಹೋಗಿ, ಸುತ್ತಮುತ್ತ ಆರ್.ಕೆ. ಪುರಂ, ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ, ಡಿಡಿಎ ಫ್ಲ್ಯಾಟುಗಳು ತಲೆಯೆತ್ತಿದವು. ಕೆಲಸಕ್ಕೆ, ಓದಿಗೆ ಬಂದ ಕನ್ನಡಿಗರು ಸೇರಿದಂತೆ ಸಾವಿರಾರು ಕುಟುಂಬಗಳಿಗೆ ಸೂರು ಸಿಕ್ಕಿದ್ದು ಹೀಗೆ. ಅದನ್ನು ತಪ್ಪೆನ್ನಲಾಗದು. ಆದರೆ ಹೊಲ ಹೋದ ಮೇಲೂ ಅಲ್ಲಲ್ಲಿ ಉಳಿದಿದ್ದ ಅಂಗೈಯಗಲದ ಮಣ್ಣನ್ನೂ ಮುಚ್ಚುವುದು ಯಾವ ಜಾಣತನ?

ಮಣ್ಣೆಂದರೆ ಕೇವಲ ಧೂಳು, ಕೆಸರು ಎಂಬ ತಾತ್ಸಾರ ನಗರವಾಸಿಗಳಲ್ಲಿ ಬೇರೂರಿದೆ. ಮನುಷ್ಯ ತಿನ್ನುವ ಆಹಾರದಲ್ಲಿ ಶೇ. 95ರಷ್ಟು ನೇರವಾಗಿಯೋ ಪರೋಕ್ಷವಾಗಿಯೋ ಮಣ್ಣಿನಿಂದಲೇ ಬರುತ್ತದೆ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೇಳುತ್ತದೆ. ಎರಡು–ಮೂರು ಸೆಂಟಿಮೀಟರ್ ಮಣ್ಣು ರೂಪುಗೊಳ್ಳಲು ಸಾವಿರ ವರ್ಷಗಳಷ್ಟು ಕಾಲ ಬೇಕಾಗಬಹುದು ಎಂಬುದೂ ಅದೇ ಸಂಸ್ಥೆಯ ಮಾತು. ಒಂದು ಚಮಚ ಫಲವತ್ತಾದ ಮಣ್ಣಿನಲ್ಲಿ ಭೂಮಿಯ ಮೇಲಿರುವ ಜನರಿಗಿಂತ ಹೆಚ್ಚು ಸೂಕ್ಷ್ಮಜೀವಿಗಳಿರುತ್ತವೆ. ಕ್ಷಯರೋಗಕ್ಕೆ ಮೊದಲ ಪರಿಣಾಮಕಾರಿ ಔಷಧವಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ದೊರೆತದ್ದು ಮಣ್ಣಿನ ಸೂಕ್ಷ್ಮಜೀವಿಯಿಂದಲೇ. ಇನ್ನು ವಾತಾವರಣ ಮತ್ತು ಗಿಡಮರಗಳೆರಡನ್ನೂ ಕೂಡಿಸಿದರೂ ಅವುಗಳಲ್ಲಿರುವುದಕ್ಕಿಂತ ಹೆಚ್ಚಿನ ಇಂಗಾಲವನ್ನು ಮಣ್ಣು ತನ್ನೊಡಲಲ್ಲಿ ಇಟ್ಟುಕೊಂಡಿದೆ.

ಇವೆಲ್ಲ ದೂರದ ಮಾತು ಎನ್ನುವವರು 2024ರ ಜೂನ್ 28ನ್ನು ನೆನಪಿಸಿಕೊಳ್ಳಬೇಕು. ಅಂದು ಬೆಳಿಗ್ಗೆಗೆ ಮುಗಿದ 24 ಗಂಟೆಗಳಲ್ಲಿ ಸಫ್ದರ್‌ಜಂಗ್ ಕೇಂದ್ರದಲ್ಲಿ 228.1 ಮಿಲಿಮೀಟರ್ ಮಳೆ ದಾಖಲಾಯಿತು. ಜೂನ್ ತಿಂಗಳ ಒಂದೇ ದಿನದಲ್ಲಿ ಅಷ್ಟು ಮಳೆ 1936ರ ನಂತರ ಬಿದ್ದಿರಲಿಲ್ಲ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಅಂಗಳವೊಂದರ ಲೆಕ್ಕ ಹಾಕಿದರೆ ಅಂದು ಅದರ ಮೇಲೆ ಬಿದ್ದ ನೀರು ಸುಮಾರು 22,800 ಲೀಟರ್. ಹತ್ತು ಸಾವಿರ ಲೀಟರಿನ ಎರಡು ಟ್ಯಾಂಕರ್ ತುಂಬಿ ಮಿಗುವಷ್ಟು! ಮಣ್ಣಿದ್ದರೆ ಅಷ್ಟನ್ನೂ ಕುಡಿದುಬಿಡುತ್ತಿತ್ತು ಎನ್ನಲಾಗದು. ಆದರೆ ಒಂದು ಪಾಲನ್ನು ಇಂಗಿಸುತ್ತಿತ್ತು, ಉಳಿದದ್ದನ್ನು ನಿಧಾನಿಸುತ್ತಿತ್ತು. ಟೈಲ್ಸ್ ಹಾಕಿದ ಅಂಗಳ ಬಿದ್ದ ನೀರನ್ನೆಲ್ಲ ಕೂಡಲೇ ರಸ್ತೆಗೆ ದಾಟಿಸುತ್ತದೆ. ಮಳೆಗಾಲದಲ್ಲಿ ಮೊಣಕಾಲುದ್ದ ನೀರು, ಬೇಸಿಗೆಯಲ್ಲಿ ಟ್ಯಾಂಕರಿನ ಮುಂದೆ ಸಾಲು. ಈ ಎರಡು ಸಂಕಟಗಳಿಗೂ ನಂಟಿದೆ.

ಮರಗಳ ಸ್ಥಿತಿಯೂ ಅಷ್ಟೇ. ಬೇರಿಗೆ ನೀರು, ಗಾಳಿ ಸಿಗದ ಮರ ಹೊರಗೆ ಹಸಿರಾಗಿ ಕಂಡರೂ ಒಳಗೆ ಸೊರಗುತ್ತದೆ. ಒಂದು ಬಿರುಗಾಳಿಗೆ ಕಾರಿನ ಮೇಲೆ ಉರುಳುತ್ತದೆ. ದೆಹಲಿಯ ಮರಗಳ ಸುತ್ತ ಒಂದು ಮೀಟರ್ ಅಂತರದಲ್ಲಿರುವ ಕಾಂಕ್ರೀಟನ್ನು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶಿಸಿದೆ. 2015ರಲ್ಲಿ ಕಸ, ಎಲೆ ಸುಡುವವರಿಗೆ 5,000 ರೂ. ದಂಡವನ್ನೂ ವಿಧಿಸಿದೆ. ಆದೇಶಗಳು ಕಡತದಲ್ಲಿದ್ದರೆ ಸಾಲದು, ಬಡಾವಣೆಯ ಜನ ಕೇಳಿದಾಗ ಮಾತ್ರ ಅವು ಬೀದಿಗೆ ಬರುತ್ತವೆ. ವಸಂತ ಕಾಲದಲ್ಲಿ ಬೇವು, ಅರಳಿ ಉದುರಿಸುವ ತರಗೆಲೆ ಕಸವಲ್ಲ, ಮಣ್ಣಿಗೆ ಸಲ್ಲಬೇಕಾದ ಬಾಕಿ. ಉದ್ಯಾನದ ಮೂಲೆಯಲ್ಲಿ ಒಂದು ಗುಂಡಿ ತೋಡಿ ಎಲೆ ತುಂಬಿ ಆಗಾಗ ನೀರು ಚಿಮುಕಿಸಿದರೆ ಕೆಲವು ತಿಂಗಳಲ್ಲಿ ಗೊಬ್ಬರ ಸಿದ್ಧ.

ಮಣ್ಣಿದ್ದರೆ ಧೂಳು ಏಳುತ್ತದೆ, ಮಳೆಗೆ ಕೆಸರಾಗುತ್ತದೆ, ವಯಸ್ಸಾದವರು ಜಾರುತ್ತಾರೆ ಎಂಬ ಆಕ್ಷೇಪವಿದೆ. ಇದು ತಳ್ಳಿಹಾಕುವಂಥದ್ದಲ್ಲ. ಓಡಾಡುವ ದಾರಿಗೆ ಕಲ್ಲು ಹಾಸುವುದು ಸರಿಯೇ. ಆದರೆ ಧೂಳೇಳುವುದು ಬೋಳು ಮಣ್ಣಿನಿಂದ. ಗರಿಕೆ ಹಬ್ಬಿದ, ತರಗೆಲೆ ಹೊದಿಸಿದ ಮಣ್ಣು ಧೂಳನ್ನು ಹಿಡಿದಿಡುತ್ತದೆ. ನುಣುಪು ಟೈಲ್ಸಿನ ಮೇಲೆ ಕುಳಿತ ಧೂಳಾದರೋ ಮುಂದಿನ ಗಾಳಿಗೆ ಮತ್ತೆ ಏಳುತ್ತದೆ. ಕಾರು ನಿಲ್ಲಿಸಲು ಜಾಗ ಬೇಕೆಂಬುದೂ ನಿಜ. ಅದಕ್ಕಾಗಿ ಇಡೀ ಅಂಗಳವನ್ನು ಮುಚ್ಚಬೇಕಿಲ್ಲ.

ಕೆಟ್ಟ ಮಣ್ಣನ್ನು ಸರಿಪಡಿಸುವುದು ಎಷ್ಟು ಕಷ್ಟವೆಂಬುದಕ್ಕೆ ಸಾಕ್ಷಿ ಸಮೀಪದಲ್ಲೇ ಇದೆ. ಜೆಎನ್‌ಯು ಆಚೆ, ವಸಂತ ಕುಂಜ್ ಮತ್ತು ವಸಂತ ವಿಹಾರದ ನಡುವಿನ ಅರಾವಳಿ ಜೀವವೈವಿಧ್ಯ ಉದ್ಯಾನ ಒಂದು ಕಾಲದಲ್ಲಿ ಗಣಿ ತೋಡಿ ಬರಡಾದ ನೆಲ. ಉಳಿದದ್ದು ಹಳ್ಳ, ದಿಣ್ಣೆ ಮತ್ತು ವಿಲಾಯತಿ ಕೀಕರ್, ಅಂದರೆ ಕನ್ನಡಿಗರು ಬಲ್ಲ ಬಳ್ಳಾರಿ ಜಾಲಿ. ದೆಹಲಿ ಅಭಿವೃದ್ಧಿ ಪ್ರಾಧಿಕಾರ ಮತ್ತು ದೆಹಲಿ ವಿಶ್ವವಿದ್ಯಾಲಯದ ತಜ್ಞರು ಅಲ್ಲಿ ಅರಾವಳಿಯದೇ ಆದ ಹುಲ್ಲು, ಗಿಡಮರಗಳನ್ನು ವರ್ಷಗಟ್ಟಲೆ ಬೆಳೆಸಿದ್ದರಿಂದ ಕಾಡು ಮರಳುತ್ತಿದೆ, ಹಕ್ಕಿಗಳು ಬರುತ್ತಿವೆ. ತೋಡಲು ಯಂತ್ರ ಸಾಕು, ಕಟ್ಟಲು ತಲೆಮಾರು ಬೇಕು.

ಮಣ್ಣನ್ನು ಗೌರವಿಸುವುದನ್ನು ಕನ್ನಡಿಗರಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಉತ್ತರ ಕರ್ನಾಟಕದವರಿಗೆ ಮಣ್ಣೆತ್ತಿನ ಅಮಾವಾಸ್ಯೆಯಿದೆ. ಮಲೆನಾಡಿನವರು ಭೂಮಿ ಹುಣ್ಣಿಮೆಯಂದು ಪೈರು ಹೊತ್ತ ಭೂಮಿಗೆ ಬಸುರಿಯ ಬಯಕೆ ತೀರಿಸುವಂತೆ ಉಣಬಡಿಸುತ್ತಾರೆ. ತುಳುನಾಡಿನಲ್ಲಿ ಕೆಡ್ಡಸದ ದಿನಗಳಲ್ಲಿ ನೆಲವನ್ನು ಅಗೆಯುವಂತಿಲ್ಲ, ಉಳುವಂತಿಲ್ಲ. ಊರು ಬಿಟ್ಟು ಬಂದ ಮಾತ್ರಕ್ಕೆ ಈ ತಿಳಿವಳಿಕೆಯನ್ನೂ ಬಿಟ್ಟು ಬರಬೇಕೆಂದಿಲ್ಲ.

ದೆಹಲಿ ಕರ್ನಾಟಕ ಸಂಘದ ಕಟ್ಟಡವಿರುವ ಆರ್.ಕೆ. ಪುರಂ ಮುನಿರ್ಕಾಕ್ಕೆ ಹೊಂದಿಕೊಂಡೇ ಇದೆ. ಪ್ರತಿ ವರ್ಷ ಡಿಸೆಂಬರ್ 5 ವಿಶ್ವ ಮಣ್ಣಿನ ದಿನ. ಅಂದು ಭಾಷಣ, ಹಾರ–ತುರಾಯಿಗಳಿಗಿಂತ ಸಣ್ಣದೊಂದು ಕೆಲಸ ಆಗಲಿ. ಸಂಘದ ಸದಸ್ಯರು ತಂತಮ್ಮ ಬಡಾವಣೆಯ ನಿವಾಸಿಗಳ ಸಭೆಯಲ್ಲಿ ಮರಗಳ ಬುಡ ಬಿಡಿಸುವ ಪ್ರಸ್ತಾಪ ಇಡಲಿ, ಒಂದು ಎಲೆಗೊಬ್ಬರದ ಗುಂಡಿಗೆ ಜಾಗ ಕೇಳಲಿ. ನೆಲ ಅಂತಸ್ತಿನವರು ಮುಂದಿನ ಸಲ ಗಾರೆಯವನನ್ನು ಕರೆಸಿದಾಗ ಅಂಗಳದ ಅರ್ಧವನ್ನಾದರೂ ಮಣ್ಣಿಗೆ ಬಿಡಲಿ. ಊರಿಂದ ಬಂದ ಕರಿಬೇವಿನ ಸಸಿ ಕುಂಡದಲ್ಲಿ ಬಾಡುವ ಬದಲು ಅಲ್ಲಿ ಬೇರೂರಿದರೆ, ಓಣಿಯ ಪ್ರತಿ ಮನೆಯ ಒಗ್ಗರಣೆಗೂ ನಾಲ್ಕು ಎಸಳು ಸಿಕ್ಕೀತು.